ಕ್ಷಯದ ಲಸಿಕೆ: ರೋಗವಿರುವ ನೆಲದಲ್ಲೇ ಪರೀಕ್ಷೆಯಾಗಬೇಕು

ಮಗು ಹುಟ್ಟಿದ ಕೂಡಲೇ ಎಡತೋಳಿಗೆ ಬಿಸಿಜಿ ಲಸಿಕೆ ಹಾಕಿಸುತ್ತೇವೆ. ರೂಪನಗುಡಿಯಂತಹ ಹಳ್ಳಿಯಲ್ಲೂ ಬಳ್ಳಾರಿಯಂತಹ ನಗರದಲ್ಲೂ ಇದೇ ರೂಢಿ. ಹೀಗಿದ್ದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಭಾರತದವರು. ಲಸಿಕೆ ಹಾಕಿಸಿಕೊಂಡವರಿಗೂ ಈ ರೋಗ ಏಕೆ ಬರುತ್ತದೆ?

ಫ್ರಾನ್ಸಿನ ವಿಜ್ಞಾನಿಗಳು ಸಿದ್ಧಪಡಿಸಿದ ಬಿಸಿಜಿಯನ್ನು 1921ರಲ್ಲಿ ಮೊದಲು ಮನುಷ್ಯರಿಗೆ ನೀಡಲಾಯಿತು. ಬ್ರಿಟನ್ನಿನ ಹದಿಹರೆಯದ ಮಕ್ಕಳಲ್ಲಿ ಅದು ಉತ್ತಮ ಫಲ ನೀಡಿತ್ತು. ಆದರೆ 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ ಸುಮಾರು 2.6 ಲಕ್ಷ ಜನರ ಮೇಲೆ ಆರಂಭವಾದ ಪರೀಕ್ಷೆಯ ಫಲ ಬೇರೆಯೇ ಆಗಿತ್ತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ.

ಇದಕ್ಕೆ ತಜ್ಞರು ಮುಖ್ಯವಾಗಿ ಎರಡು ಕಾರಣ ಕೊಡುತ್ತಾರೆ. ನಮ್ಮ ಮಣ್ಣು, ನೀರಿನಲ್ಲಿ ಕ್ಷಯದ ರೋಗಾಣುವಿನ ನಿರುಪದ್ರವಿ ಬಂಧುಗಳಿವೆ. ಅವುಗಳ ಪರಿಚಯ ಮೊದಲೇ ಆದ ದೇಹಕ್ಕೆ ಲಸಿಕೆಯಿಂದ ಹೆಚ್ಚಿನ ಬಲ ಸಿಗದು. ಜೊತೆಗೆ ಅನೇಕರ ದೇಹದಲ್ಲಿ ರೋಗಾಣು ಈಗಾಗಲೇ ಸೇರಿ ಸುಮ್ಮನೆ ಮಲಗಿರುತ್ತದೆ.

ಹಾಗೆಂದು ಬಿಸಿಜಿಯನ್ನು ಬಿಡಬಾರದು. ಎಳೆಯ ಮಕ್ಕಳಿಗೆ ಬರುವ ಮಿದುಳಿನ ಪೊರೆಯ ಕ್ಷಯ ಹಾಗೂ ಮೈಯೆಲ್ಲಾ ಹರಡುವ ಮಾರಕ ಕ್ಷಯದಿಂದ ಅದು ರಕ್ಷಿಸುತ್ತದೆ. ಆದರೆ ದೊಡ್ಡವರಿಗೆ ಬೇರೊಂದು ಲಸಿಕೆ ಬೇಕು, ಮತ್ತು ಅದರ ಪರೀಕ್ಷೆ ರೋಗವಿರುವಲ್ಲೇ ಆಗಬೇಕು.

ಆ ಪ್ರಯತ್ನ ನಡೆದಿದೆ. ಎಂ72 ಎಂಬ ಲಸಿಕೆ ಆಫ್ರಿಕಾದ ಮೂರು ದೇಶಗಳಲ್ಲಿ, ರೋಗಾಣು ಮೊದಲೇ ಸೇರಿದ್ದ ವಯಸ್ಕರಲ್ಲಿ ಕ್ಷಯವನ್ನು ಸುಮಾರು ಅರ್ಧದಷ್ಟು ತಗ್ಗಿಸಿತು. 2024ರಲ್ಲಿ ಅದರ ದೊಡ್ಡ ಪರೀಕ್ಷೆ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2019ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಎರಡು ಲಸಿಕೆಗಳ ಪರೀಕ್ಷೆಗೆ ತೊಡಗಿತು. ಅದಕ್ಕೆ ಒಪ್ಪಿ ಮುಂದೆ ಬಂದವರು ಕ್ಷಯರೋಗಿಗಳ ಮನೆಯವರೇ, ಸುಮಾರು 12 ಸಾವಿರ ಮಂದಿ.

ಸಹೋದರಿಯರೇ, ಇಲ್ಲಿ ನಮ್ಮ ಪಾಲೂ ಇದೆ. ಮಗಳ ಸಂಬಂಧ ತಪ್ಪೀತೆಂದು, ಸೊಸೆಯನ್ನು ತವರಿಗೆ ಕಳಿಸಿಯಾರೆಂದು ಕೆಮ್ಮನ್ನು ಮುಚ್ಚಿಡುವ ಮನೆಗಳಿವೆ. ರೋಗವನ್ನೇ ಬಚ್ಚಿಟ್ಟರೆ ಮದ್ದೂ ತಲುಪದು, ಸಂಶೋಧನೆಯೂ ಮುಂದುವರಿಯದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿರಿ. ಪರೀಕ್ಷೆಯೂ ಔಷಧಿಯೂ ಉಚಿತ. ರೋಗಿಯ ಜೊತೆ ಇರುವವರೂ ತಪಾಸಣೆ ಮಾಡಿಸಿಕೊಳ್ಳಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಗುಣವಾಗುತ್ತದೆ. ಹೊಸ ಲಸಿಕೆ ಬರುವವರೆಗೆ ಮನೆಮಂದಿಯನ್ನು ಕಾಯುವ ದಾರಿ ಇದೇ.