ತೇಲಬಾರದ ದೋಣಿ

ಹಿತ್ತಲಿನಲ್ಲೊಂದು ಈಜುಕೊಳ ಮಾಡಿಸುವ ಎಂದು ಹೊರಟವರ ಕೈಗೆ ಮೊದಲು ಸಿಗುವುದು ಬಣ್ಣದ ಕ್ಯಾಟಲಾಗು. ಗೇರುಬೀಜದ ಆಕಾರದ್ದು, ನಡು ಸಣ್ಣಗಾದದ್ದು, ಹೊಳೆಯ ತಿರುವಿನಂತೆ ಬಳುಕಿದ್ದು. ಮನೆಮಂದಿ ಆಕಾರದ ಮೇಲೆ ಎರಡು ವಾರ ಚರ್ಚೆ ಮಾಡುತ್ತಾರೆ, ಬಣ್ಣದ ಮೇಲೆ ಇನ್ನೆರಡು ವಾರ. ನಮ್ಮ ಕರಾವಳಿಯ ಬ್ರಹ್ಮಾವರದ ಸುತ್ತಮುತ್ತಲಿನವರಾದರೆ ಆ ಕ್ಯಾಟಲಾಗನ್ನು ಸದ್ಯ ಮುಚ್ಚಿಟ್ಟು, ಆಷಾಢದ ಒಂದು ದಿನ ಬಾವಿಕಟ್ಟೆಗೆ ಹೋಗಿ, ನೀರು ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಹಗ್ಗ ಇಳಿಸಿ ಅಳೆದುಕೊಳ್ಳುವುದು ಒಳ್ಳೆಯದು. ಫೈಬರ್ ಕೊಳ ಆ ಜಾಗಕ್ಕೆ ಆಗುತ್ತದೋ ಇಲ್ಲವೋ ಎಂಬುದನ್ನು ಮುಕ್ಕಾಲುಪಾಲು ಹೇಳುವುದು ಆ ಅಳತೆಯೇ.

ಫೈಬರ್‌ಗ್ಲಾಸ್ ಕೊಳ ಎಂದರೆ ನೆಲದಲ್ಲಿ ಹೂತಿಟ್ಟ ದೋಣಿ. ಇದು ಬರೀ ಉಪಮೆಯಲ್ಲ. ಹಂಗಾರಕಟ್ಟೆಯಲ್ಲೋ ಗಂಗೊಳ್ಳಿಯಲ್ಲೋ ದಡಕ್ಕೆ ಎಳೆದಿಟ್ಟ ಫೈಬರ್ ದೋಣಿಗೆ ಬಳಸಿದ ಗಾಜಿನ ನಾರು, ರಾಳ, ಮೇಲ್ಪದರಗಳೇ ಈ ಕೊಳದಲ್ಲೂ ಇರುವುದು. ದೋಣಿ ನೀರನ್ನು ಹೊರಗಿಡಬೇಕು, ಕೊಳ ಒಳಗಿಡಬೇಕು, ಅಷ್ಟೇ ವ್ಯತ್ಯಾಸ. ಒಳಗಿನ ನೀರು ತೆಗೆದುಬಿಟ್ಟರೆ ಕೊಳವೂ ದೋಣಿಯೇ ಆಗುತ್ತದೆ.

ಒಂದು ಲೆಕ್ಕ ಮಾಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲದ ಬಳುಕಿನ ಕೊಳವೆಂದರೆ, ಮೂಲೆಗಳನ್ನು ಕಳೆದು ಸುಮಾರು 25 ಚದರ ಮೀಟರ್ ಹರವು. ಸರಾಸರಿ ಆಳ 1.4 ಮೀಟರ್ ಎಂದುಕೊಂಡರೆ 35,000 ಲೀಟರ್ ನೀರು ಹಿಡಿಯುತ್ತದೆ. ಅದು 35 ಟನ್ ಭಾರ. ಬರಿಯ ತೊಟ್ಟಿಯ ತೂಕವೋ, ಒಂದು ಟನ್ನಿನ ಆಸುಪಾಸು. ತೊಟ್ಟಿ ಖಾಲಿ ಇರುವಾಗ ಸುತ್ತಲಿನ ಅಂತರ್ಜಲ ಅದರ ತಳಕ್ಕಿಂತ ಬರೀ 4 ಸೆಂಟಿಮೀಟರ್ ಮೇಲೇರಿದರೂ ಆರ್ಕಿಮಿಡೀಸನ ಲೆಕ್ಕದಂತೆ ಒಂದು ಟನ್ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಿಗೆ ತೊಟ್ಟಿಯ ಸ್ವಂತ ತೂಕ ಮುಗಿಯಿತು. ಸುತ್ತ ತುಂಬಿದ ಜಲ್ಲಿಯ ಹಿಡಿತ, ಅಂಚಿಗೆ ಹಾಕಿದ ಕಾಂಕ್ರೀಟು ಸ್ವಲ್ಪ ತಡೆದಾವು. ನೀರು ಒಂದು ಮೀಟರ್ ಏರಿದರೆ ಬಲ 25 ಟನ್. ಆಗ ತೊಟ್ಟಿ ಏಳುತ್ತದೆ, ಇಲ್ಲವೇ ತಳ ಉಬ್ಬಿ ಬಿರಿಯುತ್ತದೆ. ಸಿಮೆಂಟಿನ ಕೊಳಕ್ಕೂ ಇದೇ ನಿಯಮ; ಆದರೆ ಅದರ ಮೈಭಾರ ಹಲವು ಪಟ್ಟು ಹೆಚ್ಚಾದ್ದರಿಂದ ಅಷ್ಟು ಬೇಗ ಏಳುವುದಿಲ್ಲ. ಕೊಳ ತುಂಬಿದ್ದರೆ ಮಾತ್ರ ಹೆದರಿಕೆ ಇಲ್ಲ. ಹೊರಗಿನ ನೀರು ಅಂಚಿನವರೆಗೆ ಬಂದರೂ ಒಳಗಿನ 35 ಟನ್ ಅದನ್ನು ಅದುಮಿ ಹಿಡಿಯುತ್ತದೆ.

ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ತಳ ಕಾಣುವ ಬಾವಿಯಲ್ಲಿ ಜುಲೈಗೆ ಕೈಯಲ್ಲೇ ನೀರು ಎತ್ತುವಂತಿರುತ್ತದೆ. ಹಿರಿಯರು ಭೂಮಿಯನ್ನು ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಎಂದು ಮೂರಾಗಿ ಹೇಳುತ್ತಿದ್ದುದು ಬೆಳೆಯ ಲೆಕ್ಕಕ್ಕೆ. ಒಂದು ಬೆಳೆ, ಎರಡು ಬೆಳೆ, ಮೂರು ಬೆಳೆ. ಆ ವಿಂಗಡಣೆಯ ಅಡಿಯಲ್ಲಿರುವುದು ನೀರಿನ ಮಟ್ಟವೇ, ಆದ್ದರಿಂದ ಕೊಳಕ್ಕೂ ಅದು ಸರಿಹೊಂದುತ್ತದೆ. ಬೆಟ್ಟಿನ ಜಾಗದಲ್ಲಿ ಫೈಬರ್ ಕೊಳ ಧೈರ್ಯವಾಗಿ ಹಾಕಬಹುದು. ಮಜಲಿನಲ್ಲಿ ಬಸಿಗಾಲುವೆಯ ವ್ಯವಸ್ಥೆ ನೋಡಿಕೊಂಡು ಹಾಕಬಹುದು. ಬೈಲಿನಲ್ಲಿ, ತೋಡಿನ ಬದಿಯಲ್ಲಿ, ಸೀತಾ-ಸ್ವರ್ಣಾ ನದಿಗಳ ಹಿನ್ನೀರಿನ ಅಂಚಿನಲ್ಲಿ ಬೇಡ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಮುರಕಲ್ಲಿನ ಮೆಟ್ಟಿಲು ಕಟ್ಟಿದ, ತಳ ತೆರೆದ ಹಳೆಯ ಕ್ರಮದ ಕೆರೆಯೇ ಸರಿ. ಅದರ ನೀರು ಅಂತರ್ಜಲದ ಜೊತೆಗೇ ಏರಿ ಇಳಿಯುತ್ತದೆ; ಒಳಗೂ ಹೊರಗೂ ಒಂದೇ ಮಟ್ಟ, ಎತ್ತುವ ಬಲವೇ ಇಲ್ಲ.

ಬೆಟ್ಟಿನಲ್ಲೂ ಒಂದು ತೊಡಕಿದೆ. ಅಲ್ಲಿನ ನೆಲ ಮುರಕಲ್ಲು, ಅಂದರೆ ಲ್ಯಾಟರೈಟ್. ಈ ಕಲ್ಲಿನ ಮೈತುಂಬ ತೂತು, ನೀರು ಸರಾಗವಾಗಿ ಇಳಿಯುತ್ತದೆ. ಆದರೆ ಕೆಳಗೆ ಹಲವು ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿಯೋ ನಸುಗೆಂಪೋ ಬಣ್ಣದ, ಒದ್ದೆಯಾದೊಡನೆ ಗಟ್ಟಿತನ ಬಿಟ್ಟುಕೊಡುವ ಮಣ್ಣು. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ. ಕಲ್ಲು ಕಡಿದು ಮಾಡಿದ ಹೊಂಡಕ್ಕೆ ಗುಡ್ಡೆಯ ನೀರು, ಮಾಡಿನ ನೀರು ಎಲ್ಲ ಇಳಿದರೆ ತೊಟ್ಟಿಯ ಸುತ್ತಲಿನ ಜಲ್ಲಿಯಲ್ಲೇ ಕೆರೆಯೊಂದು ಹುಟ್ಟಿಕೊಳ್ಳುತ್ತದೆ. ಇದಕ್ಕೆ ಮದ್ದು ಅಗ್ಗದ್ದು: ಹೊಂಡದ ತಳದಿಂದ ಇಳಿಜಾರಿನ ಕಡೆಗೊಂದು ಬಸಿಪೈಪು, ಮತ್ತು ತೊಟ್ಟಿಯ ಪಕ್ಕದಲ್ಲಿ ತಳದವರೆಗೆ ನೆಟ್ಟ ಆರಿಂಚಿನ ಪಿವಿಸಿ ಪೈಪು. ಅದರೊಳಗೆ ಟಾರ್ಚು ಬಿಟ್ಟು ನೋಡಿದರೆ ಹೊರಗಿನ ನೀರು ಎಲ್ಲಿದೆ ಎಂದು ಗೊತ್ತಾಗುತ್ತದೆ, ಬೇಕಾದರೆ ಸಣ್ಣ ಪಂಪು ಇಳಿಸಿ ಎತ್ತಿಬಿಡಬಹುದು. ಕೊಟೇಷನ್ನಿನಲ್ಲಿ ಈ ಪೈಪು ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಇನ್ನು ವಸ್ತುವಿನ ಮಾತು. ಗಾಜಿನ ಎಳೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಗೇಮ್ಸ್ ಸ್ಲೇಟರ್ ಮತ್ತು ಸಂಗಡಿಗರು ರೂಪಿಸಿದರು. ಎಳೆ ನಮ್ಮ ಕೂದಲಿಗಿಂತ ಎಷ್ಟೋ ತೆಳು. ಎಳೆಗಳ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ಹಾರ್ಡನರ್ ಬೆರೆಸಿದ ಪಾಲಿಯೆಸ್ಟರ್ ರಾಳ ಹಚ್ಚಿ, ಹಲ್ಲುಹಲ್ಲಿನ ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರಡಿಸುತ್ತಾರೆ. ಬಿಳಿ ಚಾಪೆ ರಾಳ ಕುಡಿದೊಡನೆ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿಚುಕ್ಕಿ ಉಳಿಯಿತೋ ಅಲ್ಲಿ ಗಾಳಿ ಉಳಿದಿದೆ ಎಂದು ಲೆಕ್ಕ. ಸ್ವಲ್ಪ ಹೊತ್ತಿನಲ್ಲಿ ರಾಳ ತಾನಾಗಿ ಬಿಸಿಯೇರಿ ಗಟ್ಟಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಚಾಪೆಯೇ ನೀರು ಹೀರಿಕೊಂಡಿರುತ್ತದೆ, ರಾಳ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ತೊಟ್ಟಿ ಯಾವ ತಿಂಗಳಲ್ಲಿ, ಎಂಥ ಶೆಡ್ಡಿನಲ್ಲಿ ತಯಾರಾಯಿತು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನೀರಿಗೆ ಮುಖ ಮಾಡಿದ ಹೊಳೆಯುವ ಪದರ ಜೆಲ್‌ಕೋಟ್. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಂದೊಂದೇ ಅಣು ನುಸುಳಿ ಒಳಗೆ ಹೋಗಿ, ರಾಳದಲ್ಲಿ ಉಳಿದ ಕರಗುವ ಪದಾರ್ಥಗಳೊಡನೆ ಸೇರಿ ಗಾಢ ದ್ರಾವಣವಾಗುತ್ತದೆ. ಆ ದ್ರಾವಣ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಬೊಕ್ಕೆ ಏಳುತ್ತದೆ. ದೋಣಿಯಾದರೆ ದಡಕ್ಕೆ ಬಂದಾಗ ಒಣಗುತ್ತದೆ, ಕೊಳಕ್ಕೆ ಅಂಥ ರಜೆ ಇಲ್ಲ. ನೀರು ಬೆಚ್ಚಗಿದ್ದಷ್ಟೂ ಈ ಕ್ರಿಯೆ ಬೇಗ. ಜೆಲ್‌ಕೋಟಿನ ಹಿಂದೆ ವಿನೈಲ್ ಎಸ್ಟರ್ ರಾಳದ ಪದರ ಇದ್ದರೆ ನುಸುಳುವಿಕೆ ಬಹಳ ಕಡಿಮೆಯಾಗುತ್ತದೆ. ಆಕಾರಕ್ಕೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಈ ಪದರಕ್ಕೆ ಕೊಡಿ. ತೊಟ್ಟಿಯ ಬೆನ್ನಿಗೆ ಜೆಲ್‌ಕೋಟಿನ ನುಣುಪು ಇರುವುದಿಲ್ಲ, ಒರಟು ನಾರೇ ಕಾಣುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ಜಲ್ಲಿಗೆ ಒರಗಿ ನಿಲ್ಲುವುದು ಆ ಬೆನ್ನು. ಅಲ್ಲೂ ರಾಳ ಎಲ್ಲಿಯೂ ಬಿಟ್ಟುಹೋಗದೆ ಹತ್ತಿದೆಯೇ ನೋಡಬೇಕು. ಒಳಮೈಯನ್ನು ನಾಣ್ಯದಿಂದ ತಟ್ಟುತ್ತ ಹೋದರೆ ಪೊಳ್ಳಾದ ಕಡೆ ಸದ್ದು ಬೇರೆಯೇ ಬರುತ್ತದೆ.

ಈಗ ಕ್ಯಾಟಲಾಗು ತೆರೆಯಬಹುದು. ಬಳುಕಿನ ಆಕಾರಕ್ಕೆ ಅಂದದ ಜೊತೆಗೆ ಬಲವೂ ಇದೆ. ಬಾವಿಯನ್ನು ದುಂಡಗೆ ತೋಡುವುದು ಸುತ್ತಲ ಒತ್ತಡ ಗೋಡೆಯುದ್ದಕ್ಕೂ ಹಂಚಿಹೋಗಲಿ ಎಂದು. ಕೊಳದ ಹೊರಬಾಗಿದ ಗೋಡೆಯೂ ಮಣ್ಣಿನ ಒತ್ತಡವನ್ನು ಹಾಗೆಯೇ ತಾಳುತ್ತದೆ. ಗೇರುಬೀಜದ ಒಳತಿರುವು ಮಾತ್ರ ತದ್ವಿರುದ್ಧ. ಅಲ್ಲಿ ಕಮಾನು ಉಲ್ಟಾ, ಮಣ್ಣಿನ ಒತ್ತಡಕ್ಕೆ ಸುಲಭವಾಗಿ ಬಾಗುತ್ತದೆ. ಆ ಜಾಗದಲ್ಲಿ ಜಲ್ಲಿ ತುಂಬುವಾಗ ಮೈಮೇಲೆ ಎಚ್ಚರವಿರಬೇಕು. ಹೊರಗೆ ಒಂದು ಗೇಣು ಜಲ್ಲಿ ತುಂಬಿದರೆ ಒಳಗೆ ಒಂದು ಗೇಣು ನೀರು, ಹೀಗೆ ಎರಡನ್ನೂ ಸಮಸಮವಾಗಿ ಏರಿಸುತ್ತ ಹೋಗುವುದು ಕ್ರಮ. ಮರಳು, ತೋಡಿದ ಮಣ್ಣು ಬೇಡ, ನೀರು ಬಂದಾಗ ಜಗ್ಗುತ್ತವೆ. ಸಣ್ಣ ಜಲ್ಲಿಯೇ ಆಗಬೇಕು. ಫಿಲ್ಟರಿನಿಂದ ನೀರು ಮರಳಿ ಬರುವ ನಳಿಗೆಗಳ ದಿಕ್ಕು ತಪ್ಪಿದರೆ ಅದೇ ಒಳತಿರುವಿನ ಹಿಂದೆ ನೀರು ನಿಂತು ಪಾಚಿ ಕಟ್ಟುತ್ತದೆ.

ಇಷ್ಟಾಗಿಯೂ ಆಕಾರದ ಆಯ್ಕೆ ಅಷ್ಟೇನೂ ನಿಮ್ಮ ಕೈಯಲ್ಲಿಲ್ಲ. ತಯಾರಕರಲ್ಲಿರುವ ಅಚ್ಚುಗಳಲ್ಲೊಂದನ್ನು ಆರಿಸಬೇಕು, ಅದು ಒಂದೇ ತುಂಡಾಗಿ ಲಾರಿಯಲ್ಲಿ ಬರಬೇಕು. ಲಾರಿಯ ಅಗಲಕ್ಕೆ ಕಾನೂನಿನ ಮಿತಿ 2.6 ಮೀಟರ್. 4 ಮೀಟರ್ ಅಗಲದ ತೊಟ್ಟಿಯನ್ನು ಓರೆಯಾಗಿ ನಿಲ್ಲಿಸಿ ತರಬೇಕು. ಆಗ ಹೆದ್ದಾರಿ ದಾಟಿ ಒಳರಸ್ತೆ ಹಿಡಿದ ಮೇಲೆ ಕರೆಂಟು ತಂತಿ, ಹಲಸಿನ ಕೊಂಬೆ, ಗೇಟಿನ ಕಮಾನು ಒಂದೊಂದಾಗಿ ಅಡ್ಡ ಬರುತ್ತವೆ. ಕ್ರೇನು ನಿಲ್ಲಲು ಗಟ್ಟಿ ನೆಲವೂ ಬೇಕು. ತೆಂಗಿನಮರದ ಬುಡ ಬೇಡವೇ ಬೇಡ. ಕಾಯಿ ಬಿದ್ದರೆ ಜೆಲ್‌ಕೋಟು ಚಕ್ಕೆಯೇಳುವುದು ಸಣ್ಣ ಮಾತು, ಕೆಳಗೆ ಮಕ್ಕಳಿರುತ್ತಾರೆ.

ನೀರಿನ ವಿಷಯದಲ್ಲಿ ಫೈಬರಿಗೆ ಇಲ್ಲಿ ಒಂದು ಅನುಕೂಲವಿದೆ. ಮುರಕಲ್ಲಿನ ಬಾವಿಯ ನೀರು ಮೆದು, ತುಸು ಆಮ್ಲೀಯ. ಅಂಥ ನೀರು ಸಿಮೆಂಟಿನ ಗಾರೆಯಿಂದ ಸುಣ್ಣವನ್ನು ಕರಗಿಸಿಕೊಂಡು ಅದನ್ನು ದೊರಗು ಮಾಡುತ್ತದೆ. ಜೆಲ್‌ಕೋಟಿನಲ್ಲಿ ಕರಗಲು ಸುಣ್ಣವೇ ಇಲ್ಲ. ಆದರೆ ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ಬಿದ್ದೊಡನೆ ನೀರು ಚಹಾ ಬಣ್ಣಕ್ಕೆ ತಿರುಗಿ, ತಿಳಿಬಣ್ಣದ ತೊಟ್ಟಿಗೆ ಕಂದು ಕಲೆ ಕೂರುತ್ತದೆ. ಬಕೆಟಿನಲ್ಲಿ ನೀರು ಹಿಡಿದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ರಾತ್ರಿ ಇಟ್ಟು ನೋಡಿದರೆ ಮೊದಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಬೇರೆ ಕಥೆ. 25 ಚದರ ಮೀಟರಿನ ಮೇಲೆ ವರ್ಷಕ್ಕೆ ಬೀಳುವ ಮಳೆಯೇ ಒಂದು ಲಕ್ಷ ಲೀಟರ್, ಕೊಳ ಹಿಡಿಯುವುದರ ಸುಮಾರು ಮೂರು ಪಟ್ಟು. ಹಾಕಿದ ಕ್ಲೋರಿನ್ ಎಲ್ಲ ತೊಳೆದುಹೋಗುತ್ತಲೇ ಇರುತ್ತದೆ. ಅಂಚಿನಲ್ಲಿ ಹೊರಹರಿವಿನ ದಾರಿ ಇರಬೇಕು, ಆ ನೀರು ಮತ್ತೆ ತೊಟ್ಟಿಯ ಬೆನ್ನಿಗೇ ಇಳಿಯದಂತೆ ನೋಡಿಕೊಳ್ಳಬೇಕು.

ತೊಳೆಯಬೇಕು, ದುರಸ್ತಿ ಮಾಡಬೇಕು ಎಂದು ಕೊಳ ಖಾಲಿ ಮಾಡುವ ಆಸೆ ಯಾವಾಗಾದರೂ ಬಂದೇ ಬರುತ್ತದೆ. ಹೊರಗಿನ ನೀರು ತಳಕ್ಕಿಂತ ಕೆಳಗಿರುವುದು ಖಚಿತವಾಗದೆ ಅದಕ್ಕೆ ಕೈಹಾಕುವಂತಿಲ್ಲ. ನಮ್ಮಲ್ಲಿ ಆ ಖಾತ್ರಿ ಸಿಗುವುದು ಏಪ್ರಿಲ್-ಮೇಯಲ್ಲಿ. ಮತ್ತೆ ತುಂಬಿಸಲು 35,000 ಲೀಟರ್ ನೀರು ಬಾವಿಯಲ್ಲಿ ಇಲ್ಲದಿರುವುದೂ, ಕಡಲಂಚಿನ ಊರುಗಳಲ್ಲಿ ಬಾವಿಗೆ ಉಪ್ಪು ಏರುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಒಮ್ಮೆ ತುಂಬಿಸಿದ ಫೈಬರ್ ಕೊಳವನ್ನು ಎಂದೂ ಖಾಲಿ ಮಾಡಲಾಗುವುದಿಲ್ಲ ಎಂದುಕೊಂಡೇ ಫಿಲ್ಟರು, ಪಂಪು ಆರಿಸಬೇಕು; ಆಕಾರದಲ್ಲಿ ಉಳಿಸಿದ ದುಡ್ಡು ಹೋಗಬೇಕಾದದ್ದು ಅವಕ್ಕೆ.