ಕರಿ ಹರಿದ ಎತ್ತಿಗೆ ಬೆಳೆಯ ಲೆಕ್ಕ ಗೊತ್ತಿಲ್ಲ

ಕಾರಹುಣ್ಣಿಮೆಯ ಮರುದಿನ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಯಾವ ಚಹಾದಂಗಡಿಗೆ ಹೋದರೂ ಮಾತು ಒಂದೇ. "ನಮ್ಮೂರಾಗ ಬಿಳೀದು ಕರಿ ಹರದದ ನೋಡ್ರಿ, ಈ ಸಲ ಜ್ವಾಳ ಕೇಳಬ್ಯಾಡ್ರಿ" ಅಂತ ಒಬ್ಬ. "ನಮ್ಮಲ್ಲಿ ಕೆಂದದ್ದು ಹರದದ ಕಾಕಾ, ಮುಂಗಾರಿನೇ ಗಟ್ಟಿ" ಅಂತ ಪಕ್ಕದೂರಿನವನು. ಎರಡೂರಿನ ನಡುವೆ ಇರುವುದು ಒಂದು ಹಳ್ಳ. ಎರಡೂರಿನ ಹೊಲಕ್ಕೂ ಬರುವುದು ಅದೇ ಮೋಡ. ಹಾಗಿದ್ದರೆ ಹಳ್ಳದ ಈಚೆ ಹಿಂಗಾರು, ಆಚೆ ಮುಂಗಾರು ಹೇಗೆ ಸಾಧ್ಯ ಎಂದು ಇಬ್ಬರಲ್ಲಿ ಒಬ್ಬರೂ ಕೇಳುವುದಿಲ್ಲ. ಚಹಾ ಮುಗಿಸಿ ಎದ್ದು ಹೋಗುತ್ತಾರೆ.

ಕಾರಹುಣ್ಣಿಮೆಯ ಸಂಜೆ ಅಗಸಿಗೆ (ಊರಬಾಗಿಲಿಗೆ) ಅಡ್ಡ ಕಟ್ಟಿದ ಬೇವಿನ ಸೊಪ್ಪಿನ ಹಗ್ಗವೇ ಕರಿ, ಓಡಿಬಂದು ಅದನ್ನು ಮೊದಲು ಹರಿದ ಎತ್ತು ಗೆದ್ದಂತೆ. ನಂಬಿಕೆ ಇಷ್ಟೇ: ಬಿಳಿ ಎತ್ತು ಕರಿ ಹರಿದರೆ ಬಿಳಿಜೋಳದಂಥ ಹಿಂಗಾರು ಬೆಳೆ ಸಮೃದ್ಧಿ, ಕೆಂದ ಎತ್ತು ಹರಿದರೆ ತೊಗರಿಯಂಥ ಮುಂಗಾರು ಬೆಳೆ ಸಮೃದ್ಧಿ. ಹೊಲದಲ್ಲಿ ಇರುವುದು ಈ ಎರಡೇ ಬೆಳೆ ಆಗಿದ್ದರೆ ಹೇಗೋ ಸಾಗುತ್ತಿತ್ತು. ಹತ್ತಿ ಬಿಳಿ, ಆದರೆ ಮುಂಗಾರಿಯಲ್ಲಿ ಬಿತ್ತುವಂಥದ್ದು. ಅದನ್ನು ಯಾವ ಎತ್ತಿನ ಖಾತೆಗೆ ಹಾಕಬೇಕು? ಹೆಸರಿನ ಕಾಳು ಹಸಿರು. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಸುರಪುರ, ಶಹಾಪುರದ ಬಹಳಷ್ಟು ಎರೆಹೊಲಗಳು ಭತ್ತದ ಗದ್ದೆಗಳಾಗಿ ದಶಕಗಳೇ ಕಳೆದವು. ಅಲ್ಲಿ ಬೆಳೆ ನಿಲ್ಲುವುದು ಬೀಳುವುದು ಆಲಮಟ್ಟಿಗೆ ಮಹಾರಾಷ್ಟ್ರದ ಘಟ್ಟದಿಂದ ಎಷ್ಟು ನೀರು ಬಂತು, ನೀರಾವರಿ ಸಲಹಾ ಸಮಿತಿ ಕಾಲುವೆಗೆ ಯಾವ ತಾರೀಖಿನವರೆಗೆ ನೀರು ಬಿಡಲು ಒಪ್ಪಿತು ಎಂಬುದರ ಮೇಲೆ. ಮಹಾಬಳೇಶ್ವರದಲ್ಲಿ ಬೀಳುವ ಮಳೆಯ ಸುದ್ದಿ ನಮ್ಮ ಅಗಸಿಯ ಎತ್ತಿಗೆ ಯಾರು ತಲುಪಿಸುತ್ತಾರೋ!

ತಾರೀಖು ನೋಡಿ. 2023ರಲ್ಲಿ ಕಾರಹುಣ್ಣಿಮೆ ಬಂದದ್ದು ಜೂನ್ ಮೊದಲ ವಾರ. ಆ ವರ್ಷ ಮುಂಗಾರು ಕೇರಳದ ಕರಾವಳಿಗೆ ಕಾಲಿಟ್ಟದ್ದೇ ಜೂನ್ 8ಕ್ಕೆ. ಅಂದರೆ ಮಳೆ ಇನ್ನೂ ಸಮುದ್ರದ ಮೇಲಿದ್ದಾಗಲೇ ನಮ್ಮಲ್ಲಿ ಕರಿ ಹರಿದು, ಬೆಳೆಯ ತೀರ್ಪೂ ಆಗಿಹೋಗಿತ್ತು. ಒಂದೂರಲ್ಲಿ ಬಿಳಿ ಗೆದ್ದಿತು, ಇನ್ನೊಂದರಲ್ಲಿ ಕೆಂದ ಗೆದ್ದಿತು. ಯಾವೂರಲ್ಲೂ 'ಎರಡೂ ಇಲ್ಲ' ಎಂಬ ಫಲಿತಾಂಶ ಬರಲಿಲ್ಲ, ಏಕೆಂದರೆ ಈ ಓಟದಲ್ಲಿ ಅಂಥ ಫಲಿತಾಂಶಕ್ಕೆ ಜಾಗವೇ ಇಲ್ಲ. ಬಂದದ್ದು ಮಾತ್ರ ಅದೇ. ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮುಂದಿನ ವರ್ಷ ಹುಣ್ಣಿಮೆ ಜೂನ್ ಮೂರನೇ ವಾರಕ್ಕೆ ಸರಿಯಿತು, ಮುಂಗಾರು ಮೇ ಕೊನೆಗೇ ಕೇರಳ ಮುಟ್ಟಿತ್ತು. ಪಂಚಾಂಗಕ್ಕೂ ಮೋಡಕ್ಕೂ ಹೀಗೆ ಹೊಂದಿಕೆಯೇ ಇಲ್ಲದಿರುವಾಗ ನಡುವೆ ಎತ್ತು ಏನು ಮಾಡೀತು?

ಇನ್ನು ಬಿಳಿಜೋಳ. ಅದನ್ನು ಬಿತ್ತುವುದು ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ, ಎರೆಭೂಮಿ ಹಿಡಿದಿಟ್ಟ ಹಸಿಯ ಮೇಲೆ. ಆ ಹಸಿ ತುಂಬುವುದು ಕಾರಹುಣ್ಣಿಮೆ ಮುಗಿದು ಮೂರು ತಿಂಗಳ ಮೇಲೆ. ತೊಗರಿಯ ಕಥೆ ಇನ್ನೂ ಉದ್ದ. ಮುಂಗಾರಿ ಎಷ್ಟೇ ಚೆನ್ನಾಗಿ ಆದರೂ ಹೂವಿನ ಹೊತ್ತಿಗೆ ಮೋಡ ಕವಿದು ಕಾಯಿಕೊರಕ ಬಿದ್ದರೆ ಮುಗಿಯಿತು. 2022ರ ಹಂಗಾಮಿನಲ್ಲಿ ಕಲಬುರಗಿ ಕಡೆ ಹುಲುಸಾಗಿ ಬೆಳೆದು ನಿಂತಿದ್ದ ತೊಗರಿಯನ್ನು ಒಣಗಿಸಿದ್ದು ನೆಟೆರೋಗ, ಅಂದರೆ ಮಣ್ಣಿನೊಳಗಿನ ಶಿಲೀಂಧ್ರ. ಅದಕ್ಕೆ ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಎಂದು ಕೃಷಿ ವಿಜ್ಞಾನ ಕೇಂದ್ರದವರು ಹೇಳುತ್ತಲೇ ಇರುತ್ತಾರೆ. ಆ ಕೇಂದ್ರ ಇರುವ ಕವಡಿಮಟ್ಟಿ ಸುರಪುರದಿಂದ ದೂರವೇನಲ್ಲ, ಭೀಮರಾಯನಗುಡಿಯ ಕೃಷಿ ಕಾಲೇಜು ಶಹಾಪುರದ ಮಗ್ಗುಲಲ್ಲೇ ಇದೆ. ಅಲ್ಲಿಗೆ ಹೋಗಿ ಕೇಳುವವರಿಗಿಂತ ಅಗಸಿಯ ಮುಂದೆ ಕುತ್ತಿಗೆ ಉದ್ದ ಮಾಡಿ ನಿಲ್ಲುವವರೇ ಹೆಚ್ಚು.

ಹಾಗಾದರೆ ಯಾವ ಎತ್ತು ಗೆಲ್ಲುತ್ತದೆ ಎಂಬುದನ್ನು ಯಾವುದು ನಿರ್ಧರಿಸುತ್ತದೆ? ಮೊದಲನೆಯದು ತಳಿ. ಓಟಕ್ಕೆ ಹೆಸರಾದದ್ದು ಕಿಲಾರಿ. ಅದರ ಮೈ ಬಿಳಿ, ಇಲ್ಲವೇ ಬೂದುಬಿಳಿ. ಕೃಷ್ಣಾ ಕಣಿವೆ ತಳಿ ಎರೆಯಲ್ಲಿ ಆಳವಾಗಿ ನೇಗಿಲು ಎಳೆಯಲು ಹುಟ್ಟಿದ ಭಾರದ ಎತ್ತು. ಬೀದರ್ ಕಡೆಯ ದೇವಣಿ ಕಪ್ಪು ಮಚ್ಚೆಯದ್ದು. ಊರಲ್ಲಿ ಕಿಲಾರಿ ಸಾಕುವವರು ಹೆಚ್ಚಿದ್ದರೆ ಬಿಳಿ ಗೆಲ್ಲುವ ಸಾಧ್ಯತೆಯೂ ಹೆಚ್ಚು. ಅಂಥ ಊರಲ್ಲಿ ವರ್ಷವರ್ಷವೂ ಜೋಳದ ರಾಶಿ ಕಣ ಮೀರಬೇಕಿತ್ತಲ್ಲ? ಕೆಲವು ಊರುಗಳಲ್ಲಂತೂ ಯಾವ ಮನೆತನದ ಎತ್ತು ಕರಿ ಹರಿಯಬೇಕೆಂಬುದೇ ಮೊದಲಿನಿಂದ ನಡೆದುಬಂದ ಪದ್ಧತಿ. ಆ ಮನೆಯವರು ಹೋದ ಸಂತೆಯಲ್ಲಿ ಯಾವ ಬಣ್ಣದ ಎತ್ತು ಕೊಂಡರೋ ಅದೇ ಊರಿನ ಬೆಳೆ ಭವಿಷ್ಯ.

ಎರಡನೆಯದು ಎತ್ತು ಹಿಡಿದವನ ಕೈ. ಹುಣ್ಣಿಮೆಯ ಮುನ್ನಾದಿನ, ಅಂದರೆ ಹೊನ್ನುಗ್ಗಿಯ ದಿನ ಮೈ ತೊಳೆಸಿಕೊಂಡು, ಮರುದಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ ಹೊತ್ತು ಬಂದ ಎತ್ತು ಸಂಜೆ ಹಲಗೆಯ ಬಡಿತಕ್ಕೇ ಅರ್ಧ ಬೆದರಿರುತ್ತದೆ. ಎಳೆಯ ಹುಡುಗರು ಜನ ಕೂಗಿದ ಕೂಡಲೇ ಹಗ್ಗ ಸಡಿಲು ಬಿಡುತ್ತಾರೆ. ಅವರ ಎತ್ತು ಜನರ ಸಾಲು ಕಂಡು ಅಡ್ಡ ತಿರುಗುತ್ತದೆ. ಪಳಗಿದ ಆಳು ಹಾಗಲ್ಲ. ಮೂಗುದಾರ ಬಿಗಿಹಿಡಿದು, ಮುಂದಿನವು ಚದುರಿ ದಾರಿ ತೆರೆದುಕೊಳ್ಳುವ ತನಕ ಕಾಯ್ದು, ಆಮೇಲೆ ಬಿಡುತ್ತಾನೆ. ಕೊಟ್ಟಿಗೆ ಅಗಸಿಯ ಒಳಗಡೆಯೇ ಇದ್ದರೆ ಇನ್ನೂ ಅನುಕೂಲ, ಎತ್ತು ಮನೆಯ ಕಡೆ ತಾನಾಗಿ ಓಡುತ್ತದೆ. ಇದರಲ್ಲಿ ಜೋಳ ಎಲ್ಲಿ ಬಂತು?

ಮೂರನೆಯದು ತೀರ್ಪು. ನನಗೆ ಎಲ್ಲಕ್ಕಿಂತ ತಮಾಷೆ ಅನಿಸುವುದು ಇದೇ. ಎರಡು ಎತ್ತು ಹೆಚ್ಚುಕಡಿಮೆ ಒಟ್ಟಿಗೇ ಬಂದರೆ ಜಗಳ ಗ್ಯಾರಂಟಿ. "ಪಂಚರು ತಮ್ಮವರ ಕಡೆ ವಾಲಿದರು" ಅನ್ನುವುದೂ ಗ್ಯಾರಂಟಿ. ಆದರೆ ಬಹಳ ಸಲ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಬೇವಿನ ಸೊಪ್ಪಿನ ಹಗ್ಗಕ್ಕಿಂತ ಇಪ್ಪತ್ತು ಅಡಿ ಹಿಂದೆ, ದಾರಿಯ ಬದಿಗೆ ನಿಂತು ನೋಡಿದರೆ ಸಮಸಮ ಬಂದ ಎರಡರಲ್ಲಿ ನಿಮಗೆ ಹತ್ತಿರದ ಎತ್ತೇ ಮುಂದಿದ್ದಂತೆ ಕಾಣುತ್ತದೆ. ಅದೇ ಬದಿಯಲ್ಲಿ ಹಗ್ಗ ದಾಟಿ ಇಪ್ಪತ್ತು ಅಡಿ ಮುಂದೆ ನಿಂತವನಿಗೆ ಆಚೆ ಬದಿಯ ಎತ್ತು ಮುಂದೆ ಕಾಣುತ್ತದೆ. ನೋಟ ಓರೆಯಾಗಿರುವುದರಿಂದ ಹೀಗೆ. ಹಗ್ಗದ ನೇರಕ್ಕೆ ನಿಂತವನೊಬ್ಬನಿಗೆ ಮಾತ್ರ ನಿಜ ಕಾಣುವುದು, ಅಲ್ಲೇ ಧೂಳೂ ಹೆಚ್ಚು. ಕುದುರೆ ಜೂಜಿನಲ್ಲಿ ಫೋಟೊ, ಕರಾವಳಿಯ ಕಂಬಳದಲ್ಲಿ ಲೇಸರ್ ಕಿರಣ ಬಂದದ್ದು ಈ ಕಾರಣಕ್ಕೇ. ನಮ್ಮಲ್ಲಿ ಪಂಚ ಎರಡು ಹೆಜ್ಜೆ ಹಿಂದೆ ಸರಿದರೆ ಇಡೀ ಊರಿನ ಹಂಗಾಮು ಜೋಳದಿಂದ ತೊಗರಿಗೆ ಬದಲಾಗುತ್ತದೆ!

ಆದರೂ ನಂಬಿಕೆ ಸಾಯುವುದಿಲ್ಲ. ಬಣ್ಣ ಎರಡೇ ಆದ್ದರಿಂದ ಕಣ್ಣುಮುಚ್ಚಿ ಹೇಳಿದರೂ ಸುಮಾರು ಅರ್ಧ ಸಲ ಸರಿಯಾಗುತ್ತದೆ. ಸರಿಯಾದದ್ದು ಮುತ್ಯಾನ ಬಾಯಲ್ಲಿ ಇಪ್ಪತ್ತು ವರ್ಷ ಬದುಕುತ್ತದೆ. ತಪ್ಪಾದದ್ದಕ್ಕೆ "ಅವತ್ತು ಮೈಲಿಗಿ ಆಗಿತ್ತು" ಎಂಬ ಉತ್ತರ ಸಿದ್ಧ. ಪತ್ರಿಕೆಗಳೂ ಕಡಿಮೆಯಿಲ್ಲ. ಜೂನ್‌ನಲ್ಲಿ 'ಬಿಳಿ ಎತ್ತಿಗೆ ಗೆಲುವು: ಹಿಂಗಾರು ಸಮೃದ್ಧಿಯ ನಿರೀಕ್ಷೆ' ಎಂಬ ಧಾಟಿಯ ತಲೆಬರಹ ತಪ್ಪುವುದಿಲ್ಲ. ಜೋಳದ ರಾಶಿಯ ಹೊತ್ತಿಗೆ ಅದೇ ಊರಿಗೆ ಹೋಗಿ, ಏನಾಯಿತು ಎಂದು ಬರೆದ ವರದಿಯನ್ನು ನೀವು ಓದಿದ್ದೀರಾ? ಮೈಲಾರ ಜಾತ್ರೆಯ ಭವಿಷ್ಯವಾಣಿಯಾದ ಕಾರ್ಣಿಕಕ್ಕೂ ಇದೇ ಸೌಲಭ್ಯ: ಒಂದು ಸಾಲು ನುಡಿ, ವರ್ಷದ ಕೊನೆಗೆ ಯಾವ ಘಟನೆ ಆಗಿದ್ದರೂ ಅದಕ್ಕೆ ಹೊಂದುವ ಅರ್ಥ. ಭವಿಷ್ಯ ಹೇಳುವವರನ್ನು ನಾವು ಪರೀಕ್ಷೆಗೆ ಕೂರಿಸುತ್ತೇವೆ, ಉತ್ತರಪತ್ರಿಕೆ ಮಾತ್ರ ತಿದ್ದುವುದಿಲ್ಲ. ಸೊಸೈಟಿಯ ಬೀಜ ಮೊಳೆಯದಿದ್ದರೆ ಕಚೇರಿ ಮುಂದೆ ಧರಣಿ ಕೂರುವ ಅದೇ ಜನ ಎತ್ತಿಗೆ ಮಾತ್ರ ಒಂದು ಪ್ರಶ್ನೆ ಹಾಕುವುದಿಲ್ಲ.

ಓದಿದವರು ನಗಬೇಕಾಗಿಲ್ಲ. ಅವರ ಕರಿ ಮೊಬೈಲಿನಲ್ಲಿ ಹರಿಯುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಕೆಸರುಗದ್ದೆಯನ್ನು) 13.62 ಸೆಕೆಂಡಿನಲ್ಲಿ ಓಡಿದ್ದೇ ತಡ, ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58, ಆದ್ದರಿಂದ ದಾಖಲೆ ಮುರಿಯಿತು! ಓಟಗಾರ ನಿಂತಲ್ಲಿಂದ ವೇಗ ಹಿಡಿಯಲು ಕಳೆಯುವ ಹೊತ್ತು ಉದ್ದದ ಓಟದಲ್ಲಿ ಹಂಚಿಹೋಗುತ್ತದೆ, ಹಾಗಾಗಿ ಈ ಭಾಗಾಕಾರವೇ ತಪ್ಪು. ಹೋಲಿಸಲೇಬೇಕೆಂದರೆ 2009ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದಾನೆ. ಸರಾಸರಿ ವೇಗ ಇಬ್ಬರದೂ ಸೆಕೆಂಡಿಗೆ ಹತ್ತೂವರೆ ಮೀಟರಿನ ಆಸುಪಾಸು. ಒಬ್ಬನ ಮುಂದೆ ಎರಡು ಕೋಣಗಳಿದ್ದವು, ಇನ್ನೊಬ್ಬನ ಮುಂದೆ ಏನೂ ಇರಲಿಲ್ಲ. ಗೌಡರು ತಮ್ಮ ಕೋಣಗಳೇ ಚೆನ್ನಾಗಿ ಓಡಿದವು ಎಂದು ಹೇಳಿ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಆ ಗದ್ದಲದಲ್ಲಿ ಲೆಕ್ಕ ಸರಿಯಾಗಿ ಗೊತ್ತಿದ್ದವರು ಬಹುಶಃ ಅವರೊಬ್ಬರೇ.

ಎತ್ತಿನ ಬಗೆಗಿನ ಉಳಿದ ನಂಬಿಕೆಗಳು ಚಿಲ್ಲರೆ. ಕೆಂಪು ಬಟ್ಟೆ ಬೀಸಿದರೆ ಎತ್ತು ರೊಚ್ಚಿಗೇಳುವುದಿಲ್ಲ. ದನಗಳ ಕಣ್ಣಿಗೆ ಕೆಂಪು ಸರಿಯಾಗಿ ಗೊತ್ತಾಗುವುದೇ ಇಲ್ಲ, ಬಟ್ಟೆ ಅಲ್ಲಾಡುವುದಕ್ಕೆ ಅದು ಬೆದರುತ್ತದೆ ಅಷ್ಟೇ. (ಅಂದರೆ ಕೆಂದ ಎತ್ತಿಗೆ ತಾನು ಕೆಂದ ಎಂಬುದೂ ತಿಳಿದಿರಲಾರದು.) ಗೆಲುವಿಗೆಂದು ಗಾಲಿಗೆ ಲಿಂಬೆಹಣ್ಣು ಕಟ್ಟಿದ ಎರಡು ಗಾಡಿ ಎದುರಾದರೆ ಒಂದು ಸೋಲಲೇಬೇಕು. ರಾಯಚೂರಿನ ಮುಂಗಾರು ಹಬ್ಬದಲ್ಲಿ ಟನ್‌ಗಟ್ಟಲೆ ಕಲ್ಲು ಎಳೆಯುವ ಜೋಡಿಗೆ ಬಲ ಬರುವುದು ಹುರುಳಿ, ಹಿಂಡಿ, ತಿಂಗಳುಗಟ್ಟಲೆಯ ಸಾಧನೆಯಿಂದ, ಹಣೆಗೆ ಕಟ್ಟಿದ ತಾಯಿತದಿಂದಲ್ಲ.

ಸಾರಾಯಿ ಕುಡಿಸಿದರೆ ಎತ್ತು ಜೋರು ಓಡುತ್ತದೆ ಎಂಬುದಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ. ಅಮಲಿನಿಂದ ಮನುಷ್ಯನ ಕಾಲು ತೂರಾಡುವಂತೆ ಎತ್ತಿನದೂ ತೂರಾಡುತ್ತದೆ. ಓಡುವ ಗಾಡಿಗೆ ಕಟ್ಟಿದ ಎತ್ತು ಮುಗ್ಗರಿಸಿದರೆ ಕೀಲು ಮುರಿಯುವುದು ಅದರದ್ದು. ಇದರ ಜೊತೆಗೆ ಓಡಾಡುವ ಇನ್ನೊಂದು ತಪ್ಪು ತಿಳಿವಳಿಕೆ, ಓಟಕ್ಕೆ ಕೋರ್ಟಿನ ನಿಷೇಧ ಇದೆ ಎಂಬುದು. 2014ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಹೌದು. ರಾಜ್ಯ 2017ರಲ್ಲಿ ಕಾಯ್ದೆ ತಿದ್ದಿ ಕಂಬಳ, ಎತ್ತಿನ ಓಟ, ಗಾಡಿ ಓಟಕ್ಕೆ ಅವಕಾಶ ಮಾಡಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. "ಕೋರ್ಟೇ ಬಿಟ್ಟದ" ಎಂದು ಬಾರುಕೋಲಿಗೆ ಮೊಳೆ ಬಡಿಯುವವರು ತೀರ್ಪಿನ ಇನ್ನರ್ಧ ಓದಿಲ್ಲ: ಅನುಮತಿ ಇರುವುದು ಓಟಕ್ಕೆ, ಹಿಂಸೆಗೆ ಅಲ್ಲ.