ಫ್ರೀಡಂ ಪಾರ್ಕ್, ಬೆಂಗಳೂರು

ಫ್ರೀಡಂ ಪಾರ್ಕ್ (ಸ್ವಾತಂತ್ರ್ಯ ಉದ್ಯಾನ) ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಸಾರ್ವಜನಿಕ ಉದ್ಯಾನ. ಇದು ಹಿಂದೆ ನಗರದ ಕೇಂದ್ರ ಕಾರಾಗೃಹವಾಗಿತ್ತು. 1975-77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಅನೇಕ ರಾಜಕೀಯ ಬಂಧಿಗಳನ್ನು ವಿಚಾರಣೆಯಿಲ್ಲದೆ ಇಲ್ಲಿ ಇರಿಸಲಾಗಿತ್ತು. ಸೆರೆಮನೆಯ ಕೆಲವು ಭಾಗಗಳನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.

ಇತಿಹಾಸ

ಕಾರಾಗೃಹವು 1860ರ ದಶಕದಲ್ಲಿ ನಿರ್ಮಾಣವಾಯಿತು. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರದ ಹೊಸ ಕಾರಾಗೃಹಕ್ಕೆ ಸ್ಥಳಾಂತರಿಸಲಾಯಿತು. ಸುಮಾರು 21 ಎಕರೆ ವಿಸ್ತಾರದ ಈ ಆವರಣವು ಉದ್ಯಾನವಾಗಿ ರೂಪಾಂತರಗೊಂಡು 2008ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು.

ತುರ್ತು ಪರಿಸ್ಥಿತಿಯ ಬಂಧಿಗಳು

ಸಂಸದೀಯ ಸಮಿತಿಯ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ ಮೊದಲಾದವರನ್ನು 1975ರ ಜೂನ್ 26ರಂದು ಬಂಧಿಸಲಾಯಿತು. ಸಮಾಜವಾದಿ ನಾಯಕ ಮಧು ದಂಡವತೆ ಅವರೂ ಇಲ್ಲಿ ಸೆರೆಯಲ್ಲಿದ್ದರು. ಬಂಧನವನ್ನು ಪ್ರಶ್ನಿಸಿ ಇವರು ಸಲ್ಲಿಸಿದ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಕರ್ನಾಟಕ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಎ.ಡಿ.ಎಂ. ಜಬಲ್‌ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಇಂತಹ ಅರ್ಜಿಗೆ ಅವಕಾಶವಿಲ್ಲವೆಂದು 4-1 ಬಹುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಭಿನ್ನಮತ ದಾಖಲಿಸಿದರು.

'ಸಂಸ್ಕಾರ' ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಇಲ್ಲಿ ಇರಿಸಲಾಯಿತು. ಅಸ್ತಮಾದಿಂದ ಬಳಲುತ್ತಿದ್ದ ಅವರ ಆರೋಗ್ಯ ಸೆರೆಯಲ್ಲಿ ತೀವ್ರವಾಗಿ ಹದಗೆಟ್ಟಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಡುಗಡೆಯಾದ ಅವರು ಕೆಲವೇ ದಿನಗಳಲ್ಲಿ, ಜನವರಿ 20ರಂದು ನಿಧನರಾದರು. ಸೆರೆವಾಸದಲ್ಲಿ ಬರೆದ ದಿನಚರಿ ಅವರ ಮರಣಾನಂತರ ಪ್ರಕಟವಾಯಿತು.

ರಚನೆ ಮತ್ತು ವೀಕ್ಷಣೆ

ಆವರಣದ ಮಧ್ಯದಲ್ಲಿ ಕಾವಲು ಗೋಪುರವಿದೆ. ಬಂಧಿಗಳ ಬ್ಯಾರಕ್‌ಗಳನ್ನು ಅದರ ಸುತ್ತ, ಚಕ್ರದ ಅರೆಕಾಲುಗಳಂತೆ ನಿರ್ಮಿಸಲಾಗಿತ್ತು. ಕೆಲವೇ ಕಾವಲುಗಾರರು ಒಂದೆಡೆ ನಿಂತು ಎಲ್ಲ ದಿಕ್ಕುಗಳ ಮೇಲೂ ಕಣ್ಣಿಡಲು ಈ ವಿನ್ಯಾಸ ಅನುಕೂಲವಾಗಿತ್ತು. ಗೋಪುರವನ್ನೂ ಉಳಿದಿರುವ ಬ್ಯಾರಕ್‌ಗಳನ್ನೂ ಸಂದರ್ಶಕರು ಇಂದು ನೋಡಬಹುದು.

ಮಹತ್ವ

1978ರ 44ನೆಯ ತಿದ್ದುಪಡಿಯ ಪ್ರಕಾರ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ರಕ್ಷಿಸುವ ಸಂವಿಧಾನದ 21ನೆಯ ವಿಧಿಯ ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟ್ 1976ರ ತೀರ್ಪನ್ನು ತಳ್ಳಿಹಾಕಿತು. ಉದ್ಯಾನದ ಒಂದು ಭಾಗವು ಇಂದು ಧರಣಿ, ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಸ್ಥಳವಾಗಿದೆ.